ಒಂದೇ ಬೆಚ್ಚನೆ ಮೂಲೆ

ನನ್ನನ್ನು ಮೊದಲು ಮುಟ್ಟಿದ ಕೈಗಳು ಏನೂ ಮಾತಾಡಲಿಲ್ಲ. ದಸ್ತಗೀರಸಾಬರು ಐದು ಗಾಜಿನ ಹಾಳೆಗಳನ್ನು ಗೋಣಿತಟ್ಟಿನ ಮೇಲೆ ಹಾಸಿಕೊಂಡು, ಹಳೇ ಬನಿಯನ್ನಿನ ತುಂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದರ ಅಂಚನ್ನೂ ಒರೆಸುತ್ತ ಕೂತಿದ್ದರು. ಒರೆಸಿದ ಅಂಚಿಗೆ ಬೆರಳು ತಾಗದಂತೆ ನೋಡಿಕೊಳ್ಳುತ್ತಿದ್ದರು. ಬೆರಳಿನ ಜಿಡ್ಡು ಹತ್ತಿದರೆ ಅಂಟು ಹಿಡಿಯುವುದಿಲ್ಲ. ಆಮೇಲೆ ನಾಲ್ಕು ಗೋಡೆ ನಿಲ್ಲಿಸಿ, ಅಂಟು ಎಳೆದು, ಸುತ್ತಲೂ ಟೇಪು ಬಿಗಿದು, ಎರಡು ದಿನ ಯಾರೂ ಮುಟ್ಟದ ಹಾಗೆ ಮೂಲೆಯಲ್ಲಿಟ್ಟರು. ಮೂರನೆಯ ದಿನ ಎರಡು ಕೊಡ ನೀರು ಸುರಿದು, ಕೆಳಗೆ ಪೇಪರು ಹಾಸಿ, ಬೀಡಿ ಹಚ್ಚಿ ನೋಡುತ್ತ ನಿಂತರು. ಬೀಡಿ ಮುಗಿಯಿತು. ಪೇಪರು ಒಣಗಿಯೇ ಇತ್ತು.

ಹೀಗೆ ನಾನು ಹುಟ್ಟಿದೆ. ನಾನೊಂದು ಗಾಜಿನ ಪೆಟ್ಟಿಗೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಮೇಲೆ ಬಾಯಿ ಬಿಟ್ಟರೆ ಬೇರೆ ಬಾಗಿಲಿಲ್ಲ. ಒಳಗಿದ್ದದ್ದನ್ನು ಮುಚ್ಚಿಡುವುದು ನನಗೆ ಬರುವುದಿಲ್ಲ. ತಡೆಯುವುದೂ ಬರುವುದಿಲ್ಲ. ತೋರಿಸುವುದಷ್ಟೇ ನನ್ನ ಕೆಲಸ. ನೋಡುವುದು ಹೊರಗಿದ್ದವರ ಕೆಲಸ.

ಮೊದಲ ನಾಲ್ಕು ವರ್ಷ ಗದಗಿನ ಒಂದು ಖಾನಾವಳಿಯ ಗಲ್ಲಾಪೆಟ್ಟಿಗೆಯ ಪಕ್ಕ ಇದ್ದೆ. ನನ್ನೊಳಗೆ ಆರು ಬಂಗಾರದ ಬಣ್ಣದ ಮೀನುಗಳು. ಊಟಕ್ಕೆ ಕಾದವರು ಬೆರಳಿನಿಂದ ನನ್ನನ್ನು ತಟ್ಟುವರು, ಮೀನು ಬೆದರಿ ಓಡುವುವು, ಅವರು ನಗುವರು. ಒಂದು ಬೇಸಿಗೆಯಲ್ಲಿ ನನ್ನ ಹಿಂದಿನ ಮೂಲೆಯ ಅಂಟು ಬಿಟ್ಟಿತು. ನೀರು ಹನಿಹನಿಯಾಗಿ ಕೆಳಗಿನ ಮೊಸರಿನ ಗಡಿಗೆಗೆ ಬೀಳತೊಡಗಿತು. "ಇದರಾಗ ನೀರು ನಿಲ್ಲಂಗಿಲ್ಲ" ಎಂದು ನನ್ನನ್ನು ಹಿತ್ತಲಿಗೆ ಹಾಕಿ ಉಳ್ಳಾಗಡ್ಡಿ ತುಂಬಿದರು. ಅಲ್ಲಿ ನನ್ನನ್ನು ಕಂಡವನು ಮಹಾಂತೇಶ.

ಮಹಾಂತೇಶನದು ಮೊಬೈಲು ರಿಪೇರಿ ಅಂಗಡಿ. ಬೆಟಗೇರಿಯಲ್ಲಿ ಮನೆ. ಮನೆಯಲ್ಲಿ ಅವನ ತಾಯಿ ಗಂಗವ್ವ, ಹೆಂಡತಿ ಅನ್ನಪೂರ್ಣಾ, ತಂಗಿ ಕಸ್ತೂರಿ. ಕಸ್ತೂರಿಗೆ ಆಗ ಹದಿನೇಳು ವರ್ಷ. ಅಪ್ಪ ತೀರಿದ ವರ್ಷ ಮನೆಗೆ ಕೈ ಬೇಕೆಂದು ಎಂಟನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು. ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. "ಹೊಂದ್ಕೊಂಡಾಳ" ಎಂದು ಎಲ್ಲರೂ ಹೇಳುತ್ತಿದ್ದರು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ನನ್ನ ಮೈಗೆ ಹತ್ತಿದ್ದ ಉಳ್ಳಾಗಡ್ಡಿಯ ವಾಸನೆಯನ್ನು ತೊಳೆದವಳು ಅವಳೇ. ಮೂಲೆಮೂಲೆಗೂ ಬಟ್ಟೆ ಸುತ್ತಿದ ಕಡ್ಡಿ ಹಾಕಿ ಒರೆಸಿದಳು. ದಸ್ತಗೀರಸಾಬರ ಹಾಗೆಯೇ, ಮಾತಿಲ್ಲದೆ.

ಎಳ್ಳಮಾವಾಸ್ಯೆ ಮುಗಿದ ವಾರ ಮಹಾಂತೇಶ ಎರಡು ಬಟ್ಟೆಯ ಚೀಲಗಳನ್ನು ತಂದು ನನ್ನೊಳಗೆ ಬಿಚ್ಚಿದ. ಎರಡು ಹಾವು. ಕಪ್ಪು ಮೈ, ಮೈತುಂಬ ಬಿಳಿ ಪಟ್ಟಿ. ನಮ್ಮ ಸೀಮೆಯವಲ್ಲ, ಹೊರದೇಶದ ತಳಿ. ಕಿಂಗ್ ಸ್ನೇಕ್ ಅಂತ ಹೆಸರು. ವಿಷ ಇಲ್ಲ. ಸಾಕುವುದಕ್ಕೆ ಬೇಕಾದ ಕಾಗದವನ್ನೂ ಅವನು ಮಾಡಿಸಿದ್ದ. ಒಂದು ದಪ್ಪ, ಇನ್ನೊಂದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

"ಬೆಳಗಾವಿಯವ ಜೋಡಿನ ತಗೊಳ್ರಿ ಅಂದ. ಒಂದ ಪೆಟ್ಟಿಗಿಯಾಗ ಹೊಂದ್ಕೊಂಡ ಇರ್ತಾವಂತ" ಎಂದ ಮಹಾಂತೇಶ.

ಜೋಡಿ ಎಂದದ್ದಕ್ಕೋ ಏನೋ, ಎಲ್ಲವನ್ನೂ ಒಂದೊಂದೇ ಇಟ್ಟ. ಅಡಗಲು ಒಂದು ಒಡೆದ ಗಡಿಗೆಯ ಹೋಳು. ನೀರಿಗೆ ಒಂದು ಬಟ್ಟಲು. ನನ್ನ ಬಾಯಿಗೆ ಒಂದು ಜಾಳಿಗೆಯ ಮುಚ್ಚಳ. ನನ್ನ ಎಡಗಡೆಯ ಮೂಲೆಯ ಕೆಳಗೆ ಕರೆಂಟಿನಿಂದ ಬೆಚ್ಚಗಾಗುವ ಒಂದು ಹಾಳೆ. ಮೂರಡಿಯ ನನ್ನ ಮೈಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ ಗೇಣು.

ಗಂಗವ್ವ ಮೊದಲ ವಾರ ಆ ಕೋಣೆಗೆ ಕಾಲಿಡಲಿಲ್ಲ. ಹಾವಿಗಿಂತ ಹಾವಿನ ಊಟ ಅವಳಿಗೆ ಕಷ್ಟವಾಗಿತ್ತು. "ಲಿಂಗ ಕಟ್ಟಿದ ಮನಿ ಇದು. ಇಲಿ ಒಳಗ ಬಂದ್ರ ನೀ ಹೊರಗ" ಎಂದಳು. ಮಹಾಂತೇಶ ಸತ್ತ ಇಲಿಗಳನ್ನು ಅಂಗಡಿಯ ಸಣ್ಣ ಫ್ರಿಜ್ಜಿನಲ್ಲಿಟ್ಟು, ವಾರಕ್ಕೊಮ್ಮೆ ಎರಡನ್ನು ಡಬ್ಬಿಯಲ್ಲಿ ತಂದು ಹಿಂಬಾಗಿಲಿನಿಂದ ಬರುತ್ತಿದ್ದ.

ಆಮೇಲೆ ಒಂದು ಬೆಳಿಗ್ಗೆ ಚಳಿ ಜೋರಾಗಿತ್ತು. ಎರಡೂ ಹಾವು ನನ್ನ ಎಡಮೂಲೆಯಲ್ಲಿ ಒಂದರ ಮೇಲೊಂದು ಹೆಣೆದುಕೊಂಡು ಬಿದ್ದಿದ್ದವು. ಬಾಗಿಲಲ್ಲಿ ಹಾದುಹೋಗುತ್ತಿದ್ದ ಗಂಗವ್ವ ನಿಂತಳು. ನಾಗರಕಟ್ಟೆಯ ಕಲ್ಲಿನಲ್ಲಿ ಹೇಗೆ ಎರಡು ನಾಗರ ಹೆಣೆದುಕೊಂಡಿರುತ್ತವೋ ಹಾಗೇ ಕಂಡವು ಅವಳಿಗೆ. ಕೈಯಲ್ಲಿದ್ದ ಚರಿಗೆಯನ್ನು ಕೆಳಗಿಟ್ಟು ಕೈ ಮುಗಿದಳು.

ಅನ್ನಪೂರ್ಣಾಳಿಗೆ ಮದುವೆಯಾಗಿ ಆರು ವರ್ಷವಾಗಿತ್ತು. ಎರಡು ಸಲ ಬಸಿರು ನಿಂತಿರಲಿಲ್ಲ. ಹಾವು ಬಂದ ಮರುತಿಂಗಳೇ ಅವಳು ಮೂರನೆಯ ಸಲ ಬಸಿರಾದಳು. ಗಂಗವ್ವ ನನ್ನ ಮುಂದೆ ಊದುಬತ್ತಿ ಹಚ್ಚಿ ಹರಕೆ ಕಟ್ಟಿದಳು. "ನಾಗಪ್ಪಾ, ನನ್ನ ಸೊಸಿ ಹೊಟ್ಟಿ ತುಂಬಿಸಿದಿ. ಅಕಿ ಹಡಿಯೂತನಕ ನಿನ್ನ ಜೋಡಿ ಅಗಲಸಂಗಿಲ್ಲ."

ಆದರೆ ಎಡಮೂಲೆಯಲ್ಲಿ ನಡೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಅದು ಅಪ್ಪುಗೆಯಲ್ಲ. ದೊಡ್ಡದು ಮೇಲಿತ್ತು, ಸಣ್ಣದು ಕೆಳಗೆ. ಸಣ್ಣದು ಬೆಚ್ಚಗೆ ಮಲಗಲು ಬಂದರೆ ದೊಡ್ಡದು ಅದರ ಮೇಲೆ ತನ್ನ ಭಾರ ಬಿಟ್ಟು ಒತ್ತುತ್ತಿತ್ತು. ಸಣ್ಣದು ಜಾರಿಕೊಂಡು ತಣ್ಣಗಿನ ಬಲಮೂಲೆಗೆ ಹೋಗಿ, ನನ್ನ ಗೋಡೆಗೆ ಮೂತಿ ಉಜ್ಜುತ್ತಿತ್ತು. ದಿನವಿಡೀ ಉಜ್ಜಿ ಉಜ್ಜಿ ಮೂತಿಯ ತುದಿ ಬೆಳ್ಳಗಾಗಿತ್ತು.

ಅದನ್ನು ಕಂಡವಳು ಕಸ್ತೂರಿ ಒಬ್ಬಳೇ. ಅವಳು ಕುಚ್ಚು ಕಟ್ಟಲು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಕೈ ಎಳೆಯ ಮೇಲೆ, ಕಣ್ಣು ನನ್ನ ಮೇಲೆ. ಸಣ್ಣದು ಇಲಿ ಮುಟ್ಟದ ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು. ಒಂದು ದಿನ ಮಹಾಂತೇಶ ಉಣ್ಣುತ್ತಿದ್ದಾಗ ಅವನ ಫೋನು ಹಿಡಿದು ನಿಂತಳು.

"ಅಣ್ಣಾ, ಈ ಜಾತಿ ಹಾವು ಹಾವನ್ನ ತಿಂತಾವಂತ. ಬ್ಯಾರೆ ಬ್ಯಾರೆ ಇಡಬೇಕಂತ."

"ಯಾರಂದ್ರು?"

"ನಿನ್ನ ಫೋನಿನ್ಯಾಗ ಐತಿ."

"ಫೋನಿನ್ಯಾಗ ನಾಳೆ ಪ್ರಳಯ ಅಂತನೂ ಇರ್ತೈತಿ. ರೊಟ್ಟಿ ಹಾಕು."

ಅವಳು ರೊಟ್ಟಿ ಹಾಕಿದಳು. ಹಾಕಿ ಅಲ್ಲೇ ನಿಂತಳು. "ಸಣ್ಣದು ನಾಕು ವಾರ ಆತು, ತಿಂದಿಲ್ಲ."

"ನೀ ಸೋಮವಾರ ಒಪ್ಪತ್ತು ಮಾಡ್ತಿ. ಅದೂ ಹಿಡದೈತಿ ಬಿಡು."

"ಬಿಸಿ ಹಾಳಿ ಇನ್ನೊಂದರ ತಂದ ಹಾಕಣ್ಣಾ. ಆ ಕಡಿ ಮೂಲ್ಯಾಗ."

"ಜೋಡಿಗೆ ಎರಡ ಹಾಸಿಗಿ ಯಾಕಬೇ?" ಎಂದು ಮಹಾಂತೇಶ ಹೆಂಡತಿಯ ಕಡೆ ನೋಡಿ ನಕ್ಕ. ಅನ್ನಪೂರ್ಣಾ ನಾಚಿ ಒಳಗೆ ಹೋದಳು. ಮಾತು ಅಲ್ಲಿಗೆ ಮುಗಿಯಿತು.

ಪಂಚಮಿ ಬಂತು. ಅನ್ನಪೂರ್ಣಾಳಿಗೆ ಏಳು ತುಂಬಿತ್ತು. ಪ್ರತಿವರ್ಷ ಕಟ್ಟೆಗೆ ಹೋಗುತ್ತಿದ್ದ ಓಣಿಯ ಹೆಂಗಸರು ಆ ಸಲ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ನನ್ನ ಮುಂದೆ ನೆರೆದರು. ಕಲ್ಲಿಗೆ ಎರೆಯುವುದಕ್ಕಿಂತ ಜೀವಂತ ಜೋಡಿಗೆ ಎರೆದರೆ ಪುಣ್ಯ ಹೆಚ್ಚು ಎಂದು ಗಂಗವ್ವನೇ ಹೇಳಿಕಳಿಸಿದ್ದಳು. ಹಾಲು ಒಳಗೆ ಬಿದ್ದರೆ ಹಾಸಿದ್ದ ಕಟ್ಟಿಗೆ ಹೊಟ್ಟು ನೆನೆದು ಕೊಳೆಯುತ್ತದೆ, ಮೊದಲೇ ಸೋತ ಸಣ್ಣದಕ್ಕೆ ಎದೆ ಕಟ್ಟುತ್ತದೆ. ಕಸ್ತೂರಿ ಒಳಗಿನಿಂದ ಅಗಲ ತಟ್ಟೆಯಂಥ ಹಿತ್ತಾಳೆ ಪರಾತ ತಂದು ನನ್ನ ಜಾಳಿಗೆಯ ಮುಚ್ಚಳದ ಮೇಲೆ ಇಟ್ಟಳು.

"ಇದೇನವಾ, ನಾಗಪ್ಪಗ ಛತ್ರಿ ಹಿಡದೀ?" ಎಂದಳು ಎದುರುಮನೆಯ ಪಾರವ್ವ.

"ಪರಾತದಾಗ ಎರೀರಿ ಚಿಗವ್ವ. ಆಮ್ಯಾಲೆ ನಾ ಕುಡಸ್ತೀನಿ" ಎಂದಳು ಕಸ್ತೂರಿ, ನೆಲ ನೋಡುತ್ತ.

"ಮಾತ ಬರ್ತೈತಿ ನೋಡ್ರೆವಾ ಇಕಿಗೆ."

ಎಲ್ಲರೂ ನಕ್ಕರು. ಒಬ್ಬೊಬ್ಬರೇ ಎರೆದರು. ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು, ಗಂಡನ ಪಾಲು. ಗಂಗವ್ವ ಹೊಟ್ಟೆಯಲ್ಲಿದ್ದ ಕೂಸಿನ ಪಾಲೆಂದು ಮೂರು ಸಲ ಎರೆದಳು. ಎಲ್ಲರೂ ಉಂಡಿ ತಿನ್ನಲು ಪಡಸಾಲೆಗೆ ಹೋದ ಮೇಲೆ ಕಸ್ತೂರಿ ಬಂದು ಒಂದು ಹನಿ ಎರೆದಳು. ತುಟಿ ಮಾತ್ರ ಆಡಿತು. ನಾನು ಹತ್ತಿರವಿದ್ದದ್ದರಿಂದ ಕೇಳಿಸಿತು. "ಸಣ್ಣದರ ಪಾಲು."

ಅದಾದ ಮೂರನೆಯ ಭಾನುವಾರ ಮಧ್ಯಾಹ್ನ ಮಹಾಂತೇಶನ ಗೆಳೆಯರಿಬ್ಬರು ಹಾವು ನೋಡಲು ಬಂದರು. ವಿಡಿಯೊ ಮಾಡಬೇಕಿತ್ತು. ಯಾವಾಗಲೂ ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಹಾಕುತ್ತಿದ್ದ ಇಲಿಗಳನ್ನು ಅವನು ಎರಡನ್ನೂ ನಡುವೆ ಬಿಟ್ಟ. ಎಷ್ಟೋ ವಾರ ಉಪವಾಸವಿದ್ದ ಸಣ್ಣದು ಅವತ್ತು ಹಾರಿ ಹಿಡಿಯಿತು. ಅದೇ ಇಲಿಯ ಇನ್ನೊಂದು ತುದಿಯನ್ನು ದೊಡ್ಡದು ಹಿಡಿಯಿತು. ಎರಡೂ ನುಂಗುತ್ತ ನುಂಗುತ್ತ ಹತ್ತಿರ ಬಂದವು. ನಡುವೆ ಇಲಿ ಮುಗಿಯಿತು. ದೊಡ್ಡದರ ಬಾಯಿ ಮುಚ್ಚಲಿಲ್ಲ. ಸಣ್ಣದರ ಮೂತಿಯ ಮೇಲೆ, ಕಣ್ಣಿನ ಮೇಲೆ ಸರಿಯಿತು.

"ಮುದ್ದು ಕೊಡಾಕತ್ತಾವಲೇ" ಎಂದು ಗೆಳೆಯನೊಬ್ಬ ಫೋನು ಇನ್ನೂ ಹತ್ತಿರ ಹಿಡಿದ.

ಕಸ್ತೂರಿ ಕುಚ್ಚಿನ ಸೀರೆ ಎಸೆದು ಎದ್ದಳು. ಮುಚ್ಚಳ ಸರಿಸಿ, ಬರಿಗೈಯಲ್ಲಿ ಎರಡನ್ನೂ ಗಂಟಿನ ಹಾಗೆ ಎತ್ತಿಕೊಂಡು ಹಿತ್ತಲಿಗೆ ಓಡಿದಳು. ನಳದ ಸದ್ದು ನನಗೆ ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ತಣ್ಣೀರು ಬಾಯಿಗೆ ಹೋದರೆ ಹಾವು ಬಿಡುತ್ತದೆಂದು ಅವಳು ಓದಿಕೊಂಡಿದ್ದಳು. ತಿರುಗಿ ಬಂದಾಗ ದೊಡ್ಡದು ಬಲಗೈಯಲ್ಲಿತ್ತು. ಎಡ ಅಂಗೈಯಲ್ಲಿ ಸಣ್ಣದು, ತಲೆಯ ಮೇಲೆಲ್ಲ ಹಲ್ಲಿನ ಗೀರು. ನಾಲಿಗೆ ಒಮ್ಮೆ ಹೊರಬಂತು. ಬದುಕಿತ್ತು.

ದೊಡ್ಡದನ್ನು ನನ್ನೊಳಗೆ ಬಿಟ್ಟಳು. ಸಣ್ಣದನ್ನು, ತೂತು ಹೊಡೆದು ಮೊದಲೇ ತಯಾರಿಟ್ಟಿದ್ದ ಜೋಳದ ಹಿಟ್ಟಿನ ಡಬ್ಬಿಯಲ್ಲಿ. ಡಬ್ಬಿಯ ಕೆಳಗೆ ಬಿಸಿನೀರು ತುಂಬಿದ ಬಾಟಲಿ.

"ಇಟ್ಟಬಿಡು ಅದರಾಗ" ಎಂದಳು ಗಂಗವ್ವ ಬಾಗಿಲಲ್ಲಿ ನಿಂತು. "ಹರಕಿ ಐತಿ ನಂದು."

"ಅವ್ವಾ, ಅದು ಜೋಡಿ ಅಲ್ಲ. ಅದರ ಬಾಯಾಗ ಇದರ ತಲಿ ಇತ್ತು."

"ಇನ್ನೊಂದ ತಿಂಗಳ. ನಿಮ್ಮ ವೈನಿ ಹಡೀಲಿ, ಆಮ್ಯಾಲೆ ನಿನಗೆ ಬೇಕಾದಂಗ ಮಾಡು."

"ಒಂದ ತಿಂಗಳ ಅದು ಉಳಿಯಂಗಿಲ್ಲ."

ಮಹಾಂತೇಶ ಗೆಳೆಯರೆದುರು ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದ. ಕಸ್ತೂರಿ ಡಬ್ಬಿಯನ್ನು ತನ್ನ ಹಾಸಿಗೆಯ ಪಕ್ಕ ಇಟ್ಟುಕೊಂಡಳು. ಜೀವಮಾನದಲ್ಲಿ ತಾಯಿಯ ಮಾತು ಮೀರಿದ್ದು ಅದೇ ಮೊದಲು. ಗಂಗವ್ವ ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ನನ್ನ ಮುಂದೆ ಬಂದು ಒಂಟಿ ಹಾವನ್ನು ನೋಡುವಳು, ಸೊಸೆಯ ಹೊಟ್ಟೆ ನೋಡುವಳು. ಸೊಸೆ ಸೊಂಟ ಹಿಡಿದು ಕೂತರೆ ಸಾಕು, ಅವಳ ಮುಖ ಬಿಳಚಿಕೊಳ್ಳುತ್ತಿತ್ತು.

ಮೂರನೆಯ ದಿನ ಮುಂಜಾನೆ ಅನ್ನಪೂರ್ಣಾಳಿಗೆ ನೋವು ಬಂತು. ದಿನ ತುಂಬಿರಲಿಲ್ಲ. ಮಹಾಂತೇಶ ಆಟೊ ತಂದ. ಕಸ್ತೂರಿ ವೈನಿಯನ್ನು ಹಿಡಿದು ಕೂರಿಸಿ ತಾನೂ ಹತ್ತಿದಳು. ಹತ್ತುವ ಮುಂಚೆ ಒಳಗೆ ಓಡಿಬಂದು ಡಬ್ಬಿಯ ಕೆಳಗಿನ ಬಾಟಲಿಯ ನೀರು ಬದಲಿಸಿದಳು. "ಅವ್ವಾ, ಮುಚ್ಚಳ ತೆಗೀಬ್ಯಾಡ" ಎಂದಳು. ಆಟೊ ಹೋಯಿತು.

ಮನೆಯಲ್ಲಿ ಗಂಗವ್ವ ಒಬ್ಬಳೇ ಉಳಿದಳು. ಸ್ನಾನ ಮಾಡಿದಳು. ವಿಭೂತಿ ಹಚ್ಚಿಕೊಂಡಳು. ಲಿಂಗಪೂಜೆಗೆ ಕೂತವಳು ನಡುವೆಯೇ ಎದ್ದುಬಂದಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾವೆಂದರೆ ಬಾಗಿಲಲ್ಲೇ ನಿಲ್ಲುತ್ತಿದ್ದ ಮುದುಕಿ, ಡಬ್ಬಿಯ ಮುಚ್ಚಳ ತೆಗೆದು, ಸೆರಗನ್ನು ಕೈಗೆ ಸುತ್ತಿಕೊಂಡು, ಸಣ್ಣದನ್ನು ಎತ್ತಿದಳು. ಸೆರಗಿನಲ್ಲಿ ಅದು ಸುಮ್ಮನೆ ಮಲಗಿತ್ತು. ಬಿಸಿನೀರಿನ ಬಿಸುಪು ಅದಕ್ಕೆ ಮೂರು ದಿನದಿಂದ ಸಿಕ್ಕಿತ್ತು, ಮೂತಿಯ ಗಾಯ ಒಣಗುತ್ತಿತ್ತು.

"ತಪ್ಪಾತು ನನ್ನಪ್ಪಾ. ಹುಡುಗಿಗೆ ತಿಳಿಲಿಲ್ಲ. ಜೋಡಿ ಕೂಡಿಸೀನಿ. ನನ್ನ ಸೊಸಿನ್ನ ಕಾಯಿ" ಎಂದಳು. ಅದನ್ನು ಎಡಮೂಲೆಯಲ್ಲಿ, ದೊಡ್ಡದರ ಮಗ್ಗುಲಲ್ಲಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಟ್ಟಳು. ಮುಚ್ಚಳ ಎಳೆದು ಅದರ ಮೇಲೆ ಒಂದು ಹೂವಿಟ್ಟಳು. ನನ್ನ ಮುಂದೆ ಚಾಪೆ ಹಾಸಿ ಕೂತಳು.

ದೊಡ್ಡದು ತಲೆ ಎತ್ತಿತು. ನಾಲಿಗೆ ಹೊರಗೆ, ಒಳಗೆ. ಸಣ್ಣದು ಬಲಮೂಲೆಗೆ ಹೊರಟಿತು, ತಲುಪಲಿಲ್ಲ. ದೊಡ್ಡದು ಅದರ ಸುತ್ತ ಒಂದು ಸುತ್ತು ಹಾಕಿತು, ಎರಡು ಹಾಕಿತು. ಗಂಗವ್ವನ ಕಣ್ಣು ತುಂಬಿ ಬಂತು. ಕೈ ಮುಗಿದಳು. "ಕೂಡಿದ್ವು" ಎಂದಳು. "ಕೂಡಿದ್ವು ನನ್ನಪ್ಪಾ."

ಆಮೇಲೆ ಅವಳ ಕೈಗಳು ಹಾಗೇ ನಿಂತವು. ಸಣ್ಣದರ ತಲೆ ಎಲ್ಲೂ ಕಾಣಿಸುತ್ತಿರಲಿಲ್ಲ.

ಮುಖ ಹತ್ತಿರ ತಂದು ನೋಡಿದಳು. ಅವಳ ಉಸಿರು ನನ್ನ ಮೇಲೆ ಮಂಜಾಯಿತು, ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಕಂಡಿತು. ಅಂಗೈಯಿಂದ ನನ್ನನ್ನು ಬಡಿದಳು, ಖಾನಾವಳಿಯಲ್ಲಿ ಮೀನು ನೋಡುವವರು ತಟ್ಟಿದ ಹಾಗಲ್ಲ. ಎರಡು ಸಲ ಮುಚ್ಚಳಕ್ಕೆ ಕೈ ಹಾಕಿದಳು. ಎರಡು ಸಲವೂ ಹಿಂದಕ್ಕೆ ಎಳೆದುಕೊಂಡಳು. "ಕಸ್ತೂರೀ" ಎಂದು ಕೂಗಿದಳು. ಕಸ್ತೂರಿ ಆಸ್ಪತ್ರೆಯಲ್ಲಿದ್ದಳು. ನಾನೂ ಒಡೆಯಬೇಕೆಂದುಕೊಂಡೆ. ಗಾಜು ತಾನಾಗಿ ಒಡೆಯುವುದಿಲ್ಲ. ಬಿಳಿ ಪಟ್ಟಿಗಳು ಒಂದೊಂದಾಗಿ ಒಳಗೆ ಹೋದವು. ಬಹಳ ಹೊತ್ತು ಹಿಡಿಯಿತು. ಗಂಗವ್ವ ಅಲ್ಲಿಂದ ಏಳಲಿಲ್ಲ. ಬಾಲದ ತುದಿ ಒಮ್ಮೆ ಆಡಿ, ಅದೂ ಹೋಯಿತು.

ಆಗ ಫೋನು ರಿಂಗಾಯಿತು. ಮಹಾಂತೇಶನ ದನಿ ನನ್ನವರೆಗೂ ಕೇಳಿಸಿತು. "ಅವ್ವಾ, ಹೆಣ್ಣ ಕೂಸು. ಇಬ್ಬರೂ ಆರಾಮ ಅದಾರ."

"ಆತು" ಎಂದಳು ಗಂಗವ್ವ. ಫೋನು ಇಟ್ಟಳು. ಎದ್ದು ಮುಚ್ಚಳದ ಮೇಲಿನ ಹೂವನ್ನು ತೆಗೆದಳು. ಡಬ್ಬಿಯ ಮುಚ್ಚಳವನ್ನು ಪಕ್ಕಕ್ಕೆ ಓರೆಯಾಗಿ ಬಿಟ್ಟಳು, ಯಾರೋ ಸರಿಯಾಗಿ ಮುಚ್ಚದೆ ಹೋದ ಹಾಗೆ.

ಸಂಜೆ ಕಸ್ತೂರಿ ಒಬ್ಬಳೇ ಬಟ್ಟೆ ಒಯ್ಯಲು ಬಂದಳು. ಡಬ್ಬಿ ನೋಡಿದಳು. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ದೊಡ್ಡದನ್ನು ನೋಡಿದಳು. ಅದು ಗಡಿಗೆಯ ಹೋಳಿನ ಕೆಳಗೆ ಹಿಡಿಸದಷ್ಟು ದಪ್ಪವಾಗಿ, ಉದ್ದಕ್ಕೂ ಉಬ್ಬಿ ಬಿದ್ದಿತ್ತು. ಆಮೇಲೆ ತಾಯಿಯನ್ನು ನೋಡಿದಳು. ಗಂಗವ್ವ ತನ್ನ ಕಾಲಬೆರಳು ನೋಡುತ್ತಿದ್ದಳು.

"ಎಲ್ಲೋ ಹೋಗೇತವಾ. ಮುಚ್ಚಳ ಸಡ್ಲ ಬಿಟ್ಟ ಹೋಗಿದ್ದಿ ನೀ" ಎಂದಳು.

ಕಸ್ತೂರಿ ನನ್ನ ಮುಂದೆ ಹಾಸಿದ್ದ ಚಾಪೆಯನ್ನೂ ಗಾಜಿನ ಮೇಲೆ ಮೂಡಿದ್ದ ತಾಯಿಯ ಅಂಗೈ ಗುರುತನ್ನೂ ನೋಡಿದಳು. ಹಳೆಯ ಸೀರೆಯೊಂದನ್ನು ತಂದು ನನ್ನ ಮೇಲೆ ಹೊದಿಸಿದಳು. ಮಹಾಂತೇಶ ಆಸ್ಪತ್ರೆಯಿಂದ ಹೆಂಡತಿ, ಕೂಸನ್ನು ಕರೆತಂದು ಆ ಸೀರೆ ತೆಗೆಯುವ ಹೊತ್ತಿಗೆ ಹತ್ತು ದಿನವಾಗಿತ್ತು, ಉಬ್ಬು ಇಳಿದಿತ್ತು.

ಓಣಿಯವರು ಗಟಾರ, ಕಟ್ಟಿಗೆ ರಾಶಿ, ಮಗ್ಗದ ಗುಂಡಿಗಳನ್ನೆಲ್ಲ ಹುಡುಕಿದರು. ಪಾರವ್ವ ತಿಂಗಳುಗಟ್ಟಲೆ ಮಂಚದ ಮೇಲಿಂದ ಕಾಲು ಇಳಿಸಲಿಲ್ಲವಂತೆ. ಕಸ್ತೂರಿಗೆ 'ಹಾವು ಕಳದಾಕಿ' ಎಂಬ ಹೆಸರು ಬಿತ್ತು. ಆಮೇಲೆ ಬಂದ ಎರಡು ಸಂಬಂಧದವರೂ ಆ ಮಾತನ್ನು ಓಣಿಯ ತುದಿಯಲ್ಲೇ ಕೇಳಿಕೊಂಡು ಬಂದು, ಅವಲಕ್ಕಿ ತಿಂದು, ಚಹಾ ಕುಡಿದು ಹೋದರು. ಅವಳು ಆಗಲೂ ಹೇಳಲಿಲ್ಲ. ಗಂಗವ್ವ ಮತ್ತೆಂದೂ ನನ್ನ ಮುಂದೆ ಊದುಬತ್ತಿ ಹಚ್ಚಲಿಲ್ಲ.

ದೊಡ್ಡದು ನನ್ನೊಳಗೆ ಒಂಟಿಯಾಗಿ ಆರು ವರ್ಷ ಬಾಳಿತು. ಕಸ್ತೂರಿಯೇ ಅದಕ್ಕೆ ಊಟ ಹಾಕಿದಳು. ಅದರ ಮೇಲೆ ಅವಳು ಸಿಟ್ಟು ಇಟ್ಟುಕೊಳ್ಳಲಿಲ್ಲ. ಹಾವು ತನ್ನ ಗುಣ ಮುಚ್ಚಿಟ್ಟಿರಲಿಲ್ಲವಲ್ಲ. ಒಂದು ಬೇಸಿಗೆಯಲ್ಲಿ ಅದು ಎಡಮೂಲೆಯಲ್ಲೇ ತಣ್ಣಗಾಯಿತು. ನನ್ನನ್ನು ಮಾಳಿಗೆಯ ಮೆಟ್ಟಿಲ ಕೆಳಗೆ ಇಟ್ಟರು. ಈಗ ನನ್ನ ಗೋಡೆಗಳಲ್ಲಿ ಗೀರು ತುಂಬಿವೆ, ಅಂಟು ಹಳದಿಯಾಗಿದೆ. ಬಲಮೂಲೆಯ ಗಾಜಿನಲ್ಲಿ ಮಾತ್ರ ಒಂದು ಮಸುಕು ಕಲೆ ಇದೆ, ಕಾಸಿನಗಲ. ಸಣ್ಣದು ಮೂತಿ ಉಜ್ಜಿದ ಜಾಗ. ಎಷ್ಟು ತೊಳೆದರೂ ಹೋಗಿಲ್ಲ. ನೋಡಿದವರು ಹೇಳದಿದ್ದರೆ, ತೋರಿಸಿದ್ದು ತೋರಿಸಿದಂತಾಗುವುದಿಲ್ಲ ಎಂದು ಕತ್ತಲಲ್ಲಿ ಕೂತು ತಿಳಿದುಕೊಂಡೆ.

ನಿನ್ನೆ ನನ್ನನ್ನು ಮತ್ತೆ ಹೊರಗೆ ತಂದರು. ಅನ್ನಪೂರ್ಣಾಳ ಮಗಳು ನಾಗಶ್ರೀಗೆ ಈಗ ಏಳು ವರ್ಷ. ಅವಳಿಗೆ ಹಾವು ಬೇಕು. ಮಹಾಂತೇಶ ಅದೇ ಬೆಳಗಾವಿಯವನಿಗೆ ಫೋನು ಮಾಡಿ ಮುಗಿಸಿದ್ದ.

"ಅದ ಜಾತಿ ಐತಂತ. ಜೋಡಿನ ತರ್ತೀನಿ" ಎಂದ. "ಆಗ ನಿಮ್ಮ ಕಸ್ತೂರಿ ಅತ್ತಿ ಮುಚ್ಚಳ ಮರತಿದ್ಲು. ಈ ಸಲ ಕೀಲಿ ಹಾಕೂಣು."

"ಒಂದ ತಾ ಅಣ್ಣಾ" ಎಂದಳು ಕಸ್ತೂರಿ. ಅವಳು ಒದ್ದೆ ಬಟ್ಟೆಯಿಂದ ನನ್ನ ಧೂಳು ಒರೆಸುತ್ತಿದ್ದಳು. "ಎರಡ ಇಟ್ರ ಒಂದನ್ನ ಒಂದು ತಿಂತೈತಿ."

"ಮತ್ತ ಶುರು ಮಾಡಿದ್ಲಲೇ. ಕಳದಾಕಿ ನೀ, ಹೆಸರ ಹಾವಿಂದು."

ಅನ್ನಪೂರ್ಣಾ ನಕ್ಕಳು. ಕೂಸು ನಕ್ಕಿತು. ಗಂಗವ್ವ ಗೋಡೆಗೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದಳು. ಕಸ್ತೂರಿಯ ಕೈ ಬಲಮೂಲೆಯ ಕಲೆಯ ಹತ್ತಿರ ಬಂದು ನಿಂತಿತು. ಅಲ್ಲಿ ಒರೆಸಲಿಲ್ಲ. ತಾಯಿಯ ಕಡೆ ತಿರುಗಿದಳು.

"ಅವ್ವಾ, ಅವತ್ತ ನೀ ಏನ ನೋಡಿದಿ, ಅಣ್ಣಗ ಹೇಳು."

ಗಂಗವ್ವನ ಬೆರಳುಗಳ ನಡುವೆ ಹತ್ತಿ ನಿಂತಿತು. ಆಮೇಲೆ ಅವಳು ತಲೆ ಎತ್ತದೆ ಮತ್ತೆ ಬತ್ತಿ ಹೊಸೆಯತೊಡಗಿದಳು.